ಚೂಪು ಮೂತಿಯ ಗುಂಡು

ಅಮೆರಿಕದಲ್ಲಿರುವ ನಮ್ಮ ಕಡೆಯ ಹುಡುಗರು ಊರಿನಿಂದ ಏನೇನು ತರಿಸಿಕೊಳ್ಳಬೇಕು ಎನ್ನುವುದಕ್ಕೆ ಒಂದು ಸಂಪ್ರದಾಯವಿದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ, ದಾವಣಗೆರೆ ಮಂಡಕ್ಕಿ. ಬಾಣಂತಿಯಿದ್ದ ಮನೆಯಾದರೆ ಅಂಟಿನುಂಡೆ. ಇವನ್ನೆಲ್ಲ ಪೆಟ್ಟಿಗೆಗೆ ತುಂಬಿ, ತಕ್ಕಡಿಗೆ ತೂಗುಹಾಕಿ, ತೂಕ ಮೀರಿತೆಂದು ಮತ್ತೆ ಬಿಚ್ಚಿ, ಯಾರ ಪಾಲಿನ ಚಟ್ನಿಪುಡಿಯನ್ನೋ ಹೊರಗಿಟ್ಟು ಅವರ ಮುನಿಸು ಕಟ್ಟಿಕೊಳ್ಳುವುದು ಈಗ ಮನೆಮನೆಯ ಪುರಾಣ. ನನ್ನ ಅಕ್ಕನ ಮಗ ಪೆನ್ಸಿಲ್ವೇನಿಯಾದಿಂದ ಫೋನು ಮಾಡಿ ಈ ಸಂಪ್ರದಾಯವನ್ನು ಮುರಿದ. ಅವನಿಗೆ ಬೇಕಾದದ್ದು ಗುಂಡು ಎರೆಯುವ ಅಚ್ಚು.

"ಮಾವ, ಅಜ್ಜನ ಕೋವಿಗೆ ಗುಂಡು ಎರೀತಿದ್ದ ಅಚ್ಚು ಇನ್ನೂ ಅಟ್ಟದ ಮ್ಯಾಲೆ ಐತಾ?"

"ಯಾಕಪ್ಪಾ, ಅಲ್ಲೂ ಹಂದಿ ಕಾಟ ಶುರುವಾತಾ?"

ಹಂದಿಯಲ್ಲ, ಹವ್ಯಾಸ. ಶನಿವಾರ ಬಂತೆಂದರೆ ಹುಡುಗ ಗೆಳೆಯರ ಜೊತೆ ಊರಾಚೆಯ ಬಯಲಿಗೆ ಹೋಗಿ, ಹಲಗೆಗೆ ಅಂಟಿಸಿದ ಕಾಗದಕ್ಕೆ ಗುರಿಯಿಟ್ಟು ಹೊಡೆಯುತ್ತಾನಂತೆ. ಅದೂ ಈಗಿನ ಕಾಲದ ಬಂದೂಕಿನಲ್ಲಿ ಅಲ್ಲ. ಮೂತಿಯ ಕಡೆಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಕೇಪು ಕೂರಿಸಿ ಹೊಡೆಯುವ ಹಳೇ ಪದ್ಧತಿಯ ಕೋವಿಯಲ್ಲಿ. ಒಂದು ಈಡಿಗೂ ಇನ್ನೊಂದು ಈಡಿಗೂ ನಡುವೆ ನಿಧಾನವಾಗಿ ಒಂದು ಅರ್ಧ ಕಾಫಿ ಮುಗಿಸಬಹುದು. ಆ ರಾಜ್ಯದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕಲ್ಲಿನ ಕೋವಿಯವರಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಹಂಗಾಮು ಇದೆಯಂತೆ. ಇವನು ಅದಕ್ಕೆ ಹೋಗುವವನಲ್ಲ. ಹೊನ್ನಾಳಿಯ ಹಿರೇಕಲ್ಮಠಕ್ಕೆ ನಡೆದುಕೊಳ್ಳುವ ಮನೆತನ ನಮ್ಮದು. ಕೇಕು ಕೊಟ್ಟರೆ ಮೊಟ್ಟೆ ಹಾಕಿದ್ದೋ ಹಾಕದ್ದೋ ಎಂದು ವಿಚಾರಿಸಿ ಕೈಚಾಚುವ ಜನ. ಕಾಗದವಾದರೆ ಸಸ್ಯಾಹಾರ ಎಂದು ಅವನು ತೀರ್ಮಾನಿಸಿಕೊಂಡ ಹಾಗಿದೆ.

ಕೊಂಡದ್ದು ಯಾವುದಪ್ಪಾ ಎಂದರೆ ಎನ್‌ಫೀಲ್ಡ್ ಎಂದ. 1853ರ ಮಾದರಿಯ ನಕಲು, ಇಟಲಿಯಲ್ಲಿ ತಯಾರಾದದ್ದು. ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿಗೆ ಕೇಳಿಸಿದ್ದು ಎನ್‌ಫೀಲ್ಡ್ ಎಂಬುದೊಂದೇ. "ಅದಕ್ಕೆ ಪೆಟ್ರೋಲ್ ಹಾಕಿದ್ರೆ ಸಾಲ್ದಾ? ಅಟ್ಟದ ಮ್ಯಾಲಿಂದ ಏನ್ ಬೇಕಂತೆ?" ಎಂದಳು. ಅವಳನ್ನು ನೋಡಿ ನಗುವಂತಿಲ್ಲ. ನಮ್ಮೂರ ಬೀದಿಗಳಲ್ಲಿ ಡುಗುಡುಗು ಎಂದು ಓಡಾಡುವ ರಾಯಲ್ ಎನ್‌ಫೀಲ್ಡಿಗೆ ಆ ಹೆಸರು ಬಂದದ್ದೇ ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನ ಸರ್ಕಾರಿ ಕೋವಿ ಕಾರ್ಖಾನೆಯ ನಂಟಿನಿಂದ. ಅದಕ್ಕೆ ಬಿಡಿಭಾಗ ಮಾಡಿಕೊಡುತ್ತಿದ್ದ ಸೈಕಲ್ ಕಂಪನಿಯವರು ಅಭಿಮಾನದಿಂದ ಹೆಸರನ್ನೂ ಇಟ್ಟುಕೊಂಡರು, ಗುರುತಾಗಿ ಫಿರಂಗಿಯ ಚಿತ್ರವನ್ನೂ ಹಾಕಿಕೊಂಡರು. ಅದರ ಮೇಲೆ ಕೂತವರೆಲ್ಲ ಎದೆ ಮುಂದೆ ಮಾಡಿಕೊಂಡೇ ಯಾಕೆ ಹೋಗುತ್ತಾರೆ ಎಂಬ ನನ್ನ ಬಹಳ ದಿನದ ಸಂಶಯ ಅಂದು ತೀರಿತು.

ಅಚ್ಚು ಅಟ್ಟದ ಮೇಲೆಯೇ ಇತ್ತು. ಅದು ಅಲ್ಲಿಗೆ ಹೋದದ್ದಕ್ಕೆ ಒಂದು ಹಿನ್ನೆಲೆಯಿದೆ. ನಮ್ಮಪ್ಪನಿಗೆ ಬೆಳೆ ಕಾಯುವುದಕ್ಕೆಂದು ಲೈಸೆನ್ಸಿನ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಅವರು ಹೋದ ಮೇಲೆ ಕೋವಿಯನ್ನು ಒಪ್ಪಿಸಿ ರಸೀದಿ ತಂದೆವು. ಅಚ್ಚು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಯಾಕೆಂದರೆ ನೋಡುವುದಕ್ಕೆ ಅದು ಥೇಟ್ ಅಡಕತ್ತರಿ. ಎರಡು ಹಿಡಿ, ನಡುವೆ ಒಂದು ಕೀಲು, ಮುಂದೆ ಎರಡು ದಪ್ಪ ದವಡೆ. ದವಡೆ ತೆರೆದರೆ ಎರಡು ಕಡೆಗೂ ಅರ್ಧರ್ಧ ಗೋಲಿಯಷ್ಟು ಗುಳಿ. ಮುಚ್ಚಿದರೆ ಒಳಗೆ ಒಂದು ಪೂರ್ತಿ ಗೋಲಿಯ ಜಾಗ. ನೆತ್ತಿಯಲ್ಲಿ ಕರಗಿದ ಸೀಸ ಸುರಿಯುವ ಪುಟ್ಟ ಬಾಯಿ. ಹಿಡಿಗಳ ಒಳಮೈಯಲ್ಲಿ ಕೀಲಿನ ಹತ್ತಿರ ಸಣ್ಣ ಅಲಗು, ಎರಕ ಆರಿದ ಮೇಲೆ ಗುಂಡಿಗೆ ಅಂಟಿಕೊಂಡ ಸೀಸದ ಬಾಲ ಕತ್ತರಿಸುವುದಕ್ಕೆ. ಅವ್ವನ ಕಣ್ಣಿಗೆ ಬಿದ್ದದ್ದು ಈ ಅಲಗು ಮಾತ್ರ. ಹಿಂದೊಮ್ಮೆ ಅಕ್ಕನ ನಿಶ್ಚಿತಾರ್ಥದ ದಿನ ಬೀಗರಿಗೆ ಎಲೆಅಡಿಕೆ ಕೊಡುವ ಗಡಿಬಿಡಿಯಲ್ಲಿ ಅಡಕತ್ತರಿ ಸಿಗದೆ, ಇದರ ಬಾಯಿಗೆ ಚನ್ನಗಿರಿಯ ಗಟ್ಟಿ ಚಾಲಿ ಅಡಿಕೆ ಇಟ್ಟು ಒತ್ತಿದಳು. ಅಡಿಕೆ ಹೋಳಾಗಲಿಲ್ಲ, ಸಿಡಿಯಿತು. ನೇರ ಹೋಗಿ ಗಂಡಿನ ಸೋದರತ್ತೆಯ ಕನ್ನಡಕಕ್ಕೆ ಬಡಿಯಿತು. ಅಪ್ಪ ಕೋವಿಯಲ್ಲಿ ಹೊಡೆದದ್ದು ಯಾವ ಹಂದಿಗೂ ತಗುಲಿದ ದಾಖಲೆಯಿಲ್ಲ; ಅವ್ವನ ಗುರಿ ಮಾತ್ರ ತಪ್ಪಲಿಲ್ಲ. ಆವತ್ತೇ ಅಚ್ಚಿಗೆ ಅಟ್ಟದ ವಾಸವಾಯಿತು.

ಫೋಟೋ ತೆಗೆದು ಕಳಿಸಿದೆ. ಹುಡುಗ ನಿರಾಶನಾದ. "ಮಾವ, ಇದು ರೌಂಡ್ ಬಾಲ್‌ದು. ನಂಗೆ ಚೂಪುಂದು ಬೇಕು. ಕೋನಿಕಲ್. ಹಿಂದ್ಗಡೆ ಟೊಳ್ಳಿರ್ಬೇಕು."

ದುಂಡು ಗುಂಡಿಗೂ ಚೂಪು ಗುಂಡಿಗೂ ಇರುವ ಅಂತರ ನಳಿಗೆಯ ಒಳಗಿದೆ ಎಂದು ಆಮೇಲೆ ತಿಳಿದುಕೊಂಡೆ. ನಮ್ಮ ಕಡೆಯ ಕೇಪಿನ ಕೋವಿಗಳ ನಳಿಗೆ ಒಳಗೆಲ್ಲ ನುಣುಪು. ಚರೆ ತುಂಬಬಹುದು, ದುಂಡು ಗುಂಡನ್ನೂ ಇಳಿಸಬಹುದು. ದುಂಡಗಿನ ವಸ್ತುವಿಗೆ ಮುಂದು ಹಿಂದು ಎಂಬುದಿಲ್ಲ. ಗಾಳಿಯಲ್ಲಿ ಹೇಗೆ ಉರುಳಿದರೂ ನಡೆಯುತ್ತದೆ. ಚೂಪು ಗುಂಡಿನದು ಹಾಗಲ್ಲ, ಮೂತಿಯನ್ನು ಮುಂದೆ ಮಾಡಿಕೊಂಡೇ ಹೋಗಬೇಕು. ಹಾಗೆ ಹೋಗಬೇಕಾದರೆ ತನ್ನ ಸುತ್ತ ತಾನು ಗಿರ್ರನೆ ತಿರುಗುತ್ತಿರಬೇಕು. ತಿರುಗಿಸುವುದಕ್ಕೆ ನಳಿಗೆಯ ಒಳಮೈಯಲ್ಲಿ ಸುರುಳಿ ಗೀರು ಕೊರೆದಿರಬೇಕು. ಗೀರಿದ್ದರೆ ರೈಫಲ್ಲು, ಇಲ್ಲದಿದ್ದರೆ ಬರೀ ಕೋವಿ. ನುಣುಪು ನಳಿಗೆಯಿಂದ ಚೂಪು ಗುಂಡು ಹಾರಿಸಿದರೆ ಅದು ಲಾಗ ಹಾಕುತ್ತ ಹೋಗಿ ಎಲ್ಲೋ ಬೀಳುತ್ತದೆ. ಅಂದಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಟ್ಟಗಳನ್ನೆಲ್ಲ ಜಾಲಾಡಿದರೂ ಚೂಪು ಗುಂಡಿನ ಅಚ್ಚು ಸಿಗುವ ಸಂಭವ ಕಡಿಮೆ. ಇದು ಗೊತ್ತಿದ್ದೂ ನಾನು ಹುಡುಕಲು ಹೊರಟೆ. ಪಿಂಚಣಿ ಬರುವ ಮನುಷ್ಯನಿಗೆ ಮನೆಯಿಂದ ಹೊರಬೀಳಲು ಇಷ್ಟು ಒಳ್ಳೆಯ ನೆಪ ಮೇಲಿಂದ ಮೇಲೆ ಸಿಗುವುದಿಲ್ಲ.

ದುಂಡು ಗುಂಡನ್ನು ತೀರಾ ಹಗುರವಾಗಿ ಕಾಣಬೇಡಿ. ಕೋವಿಯ ಲೆಕ್ಕಾಚಾರವೆಲ್ಲ ನಿಂತಿರುವುದು ಅದರ ಮೇಲೆ. ಹನ್ನೆರಡು ಬೋರಿನ ಬಂದೂಕು ಎನ್ನುತ್ತಾರಲ್ಲ, ಒಂದು ಪೌಂಡು ಸೀಸದಲ್ಲಿ ಒಂದೇ ಅಳತೆಯ ಹನ್ನೆರಡು ದುಂಡು ಗುಂಡು ಎರೆದರೆ ಅದರಲ್ಲೊಂದು ಆ ನಳಿಗೆಗೆ ಸರಿಯಾಗಿ ಕೂರುತ್ತದೆ ಎಂದು ಅರ್ಥ. ಹದಿನಾರು ಬೋರು ಎಂದರೆ ಹದಿನಾರು ಗುಂಡು, ಹಾಗಾಗಿ ನಳಿಗೆ ಕಿರಿದು. ಸಂಖ್ಯೆ ದೊಡ್ಡದಾದಷ್ಟೂ ಕೋವಿ ಸಣ್ಣದಾಗುವ ಈ ಗಣಿತವನ್ನು ನನಗೆ ಹೈಸ್ಕೂಲಿನಲ್ಲಿ ಯಾರಾದರೂ ಸೀಸ ಕರಗಿಸಿ ತೋರಿಸಿದ್ದರೆ ವಿಲೋಮಾನುಪಾತ ಇನ್ನೂ ಬೇಗ ತಲೆಗೆ ಹೋಗುತ್ತಿತ್ತು. ಚರೆಯ ಕಥೆ ಇನ್ನೂ ಚೆಂದ. ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್ ಎಂಬ ಕುಶಲಕರ್ಮಿ, ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬಿಟ್ಟರೆ ಹನಿಗಳು ಬೀಳುತ್ತ ಬೀಳುತ್ತಲೇ ದುಂಡಗಾಗುತ್ತವೆ ಎಂದು ಕಂಡುಕೊಂಡು 1782ರಲ್ಲಿ ಹಕ್ಕುಪತ್ರ ಪಡೆದ. ಎತ್ತರ ಸಾಲದೆಂದು ಇದ್ದ ಮನೆಯನ್ನೇ ಮೇಲಕ್ಕೆ ಕಟ್ಟಿಸಿ, ಕೆಳಗೆ ನೆಲವನ್ನೂ ಬಾವಿಯಷ್ಟು ತೋಡಿಸಿದ. ಆ ಮನೆಯ ಹೆಂಗಸರು ಏನೆಂದರೋ! ನಮ್ಮಲ್ಲಿ ಅಡುಗೆಮನೆಗೆ ಒಂದು ಕಿಟಕಿ ಇಡಿಸುವುದಕ್ಕೆ ಎರಡು ತಲೆಮಾರು ಹಿಡಿಯಿತು.

ಮೊದಲು ಚನ್ನಗಿರಿಗೆ ಹೋದೆ. ಅಲ್ಲಿನ ಅಡಿಕೆ ಬೆಳೆಗಾರರೊಬ್ಬರು ಹಳೇ ಪರಿಚಯ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದ್ದರು. ಚೊಗರಿನ ವಾಸನೆ ಬೀದಿಗೇ ಬರುತ್ತಿತ್ತು. ನನ್ನ ಪ್ರಶ್ನೆ ಕೇಳಿ ಅವರು ಹಿತ್ತಿಲಿಂದ ಒಂದು ಪಿವಿಸಿ ಪೈಪು ತಂದು ತೋರಿಸಿದರು. ಮಂಗ ಓಡಿಸುವ ಸಾಧನ. ಕಾರ್ಬೈಡಿನ ಚೂರಿಗೆ ನೀರು ತಾಗಿಸಿ ಕಿಡಿ ಕೊಟ್ಟರೆ ಢಂ ಎನ್ನುತ್ತದೆ, ಒಳಗಿನಿಂದ ಏನೂ ಹೊರಗೆ ಬರುವುದಿಲ್ಲ. "ಕೋವಿ ಲೈಸೆನ್ಸ್ ಐತೆ ಸಾರ್, ಆದ್ರೆ ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಡ್ಬೇಕು. ಎಂಪಿ ಎಲೆಕ್ಷನ್ನು, ಎಂಎಲ್ಎ ಎಲೆಕ್ಷನ್ನು... ಕೋವಿ ಮನ್ಯಾಗಿರೋದಕ್ಕಿಂತ ಅಲ್ಲಿರೋದೇ ಜಾಸ್ತಿ. ಹಂದಿಗೆ ನೀತಿಸಂಹಿತೆ ಗೊತ್ತಾ?" ಎಂದರು. ಮಲೆನಾಡಿನ ರೈತರು ಪ್ರತಿ ಚುನಾವಣೆಯಲ್ಲೂ ಹೇಳಿಕೊಳ್ಳುವ ಕಷ್ಟವಿದು. ಮೆಕ್ಕೆಜೋಳ ಹಾಲುಗಾಳಿಗೆ ಬರುವುದಕ್ಕೂ ಮತದಾನದ ದಿನಾಂಕ ಪ್ರಕಟವಾಗುವುದಕ್ಕೂ ಹಂದಿಗಳು ಏನೋ ಒಳಒಪ್ಪಂದ ಮಾಡಿಕೊಂಡಿವೆ ಎಂದು ಅವರ ಗುಮಾನಿ.

ಚನ್ನಗಿರಿಗೆ ಬಂದವನು ಹಾಗೇ ಹೊದಿಗೆರೆಗೂ ಹೋಗಿಬಂದೆ. ಶಿವಾಜಿಯ ತಂದೆ ಷಹಾಜಿಯ ಸಮಾಧಿ ಇರುವುದು ಅಲ್ಲಿ. 1664ರ ಜನವರಿಯಲ್ಲಿ ಬೇಟೆಗೆ ಹೋಗಿದ್ದಾಗ ಕುದುರೆ ಎಡವಿ ಬಿದ್ದು ತೀರಿಕೊಂಡ. ಎಷ್ಟೋ ಯುದ್ಧಗಳಲ್ಲಿ ಎಷ್ಟೋ ಸಾವಿರ ಗುಂಡುಗಳಿಂದ ತಪ್ಪಿಸಿಕೊಂಡ ಮನುಷ್ಯನನ್ನು ನಮ್ಮ ಚನ್ನಗಿರಿಯ ಪೊದೆಯೊಂದು ಕೆಡವಿತು. ಚೂಪು ಗುಂಡಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಇಲ್ಲ. ಅಷ್ಟು ದೂರ ಹೋದ ಮೇಲೆ ನೋಡದೆ ಬರುವುದು ಹೇಗೆ? ಪಕ್ಕದ ಹೊಳಲ್ಕೆರೆ ಸೀಮೆಯಲ್ಲಿ ನರಭಕ್ಷಕ ಹುಲಿಯ ಬೆನ್ನು ಹತ್ತಿದ ಕಥೆಯನ್ನು ಕೆನೆತ್ ಆಂಡರ್ಸನ್ ಬರೆದಿದ್ದಾನೆ. ಅವನ ಬೇಟೆಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ರಾತ್ರಿ ಬಚ್ಚಲಿಗೆ ಹೋಗಲು ಹೆದರಿದ ತಲೆಮಾರು ನಮ್ಮದು. ಆಂಡರ್ಸನ್ನನ ಕೈಯಲ್ಲಿದ್ದದ್ದು ವಿಂಚೆಸ್ಟರ್ ರೈಫಲ್ಲು, ಹಿಂದಿನಿಂದ ತೋಟಾ ತುಂಬುವಂಥದ್ದು. ಆ ಹೊತ್ತಿಗೆ ಮೂತಿಯಿಂದ ತುಂಬುವ ಕೋವಿ ಸೇನೆಯವರಿಂದ ಸಾಹೇಬರಿಗೆ, ಸಾಹೇಬರಿಂದ ರೈತನಿಗೆ ಇಳಿದು ಬಂದು ಹೊಲದ ಅಟ್ಟಣೆ ಹತ್ತಿ ಕೂತಾಗಿತ್ತು.

ಈ ಚೂಪು ಗುಂಡಿನ ಮೂಲ ಹುಡುಕುತ್ತ ಹೋದಾಗ ನನಗೆ ನಿಜಕ್ಕೂ ರೋಮಾಂಚನವಾದದ್ದು ಒಂದು ಕಡೆ. ರೈಫಲ್ಲಿನ ಹಳೇ ಸಮಸ್ಯೆ ಏನೆಂದರೆ, ಗುಂಡು ಗೀರಿಗೆ ಕಚ್ಚಿಕೊಳ್ಳಬೇಕಾದರೆ ಬಿಗಿಯಾಗಿರಬೇಕು. ಬಿಗಿಯಾಗಿದ್ದರೆ ಮೂತಿಯಿಂದ ಕೆಳಗಿಳಿಸಲು ಸುತ್ತಿಗೆಯಲ್ಲಿ ಬಡಿಯಬೇಕು. ಶತ್ರು ಎದುರಿಗೆ ಬರುತ್ತಿರುವಾಗ ಬಡಿಯುತ್ತ ಕೂರುವುದು ಹೇಗೆ? ಸಡಿಲ ಮಾಡಿದರೆ ಸಲೀಸಾಗಿ ಇಳಿಯುತ್ತದೆ, ಆದರೆ ಮದ್ದಿನ ಹೊಗೆಯೆಲ್ಲ ಪಕ್ಕದಿಂದ ಸೋರಿ ಹೋಗುತ್ತದೆ, ಗುಂಡು ತಿರುಗುವುದಿಲ್ಲ. ಇಳಿಯುವಾಗ ಸಡಿಲ, ಹೊರಡುವಾಗ ಬಿಗಿ ಆಗುವ ಗುಂಡು ಬೇಕಿತ್ತು. ಬ್ರಿಟಿಷ್ ಸೇನೆಯ 34ನೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ಎಂಬಾತ ದಕ್ಷಿಣ ಭಾರತದಲ್ಲಿದ್ದಾಗ ಇಲ್ಲಿನ ಜನ ಊದುಗೊಳವೆಯಿಂದ ಬಾಣ ಹಾರಿಸುವುದನ್ನು ನೋಡಿದನಂತೆ. ಬಾಣದ ಬುಡಕ್ಕೆ ತಾವರೆಯ ಬೆಂಡು ಕಟ್ಟಿದ್ದರು. ಊದಿದಾಗ ಬೆಂಡು ಅರಳಿ ಗೊಳವೆಗೆ ಒತ್ತಿಕೊಳ್ಳುತ್ತಿತ್ತು, ಉಸಿರು ಪಕ್ಕದಿಂದ ಸೋರುತ್ತಿರಲಿಲ್ಲ. ನಾರ್ಟನ್ ಅದನ್ನು ಸೀಸದಲ್ಲಿ ಮಾಡಿದ: ಮೂತಿ ಚೂಪು, ಬುಡ ಟೊಳ್ಳು. ಮದ್ದು ಸಿಡಿದಾಗ ಟೊಳ್ಳು ಬುಡ ಅಗಲವಾಗಿ ಗೀರಿಗೆ ಕಚ್ಚಿಕೊಳ್ಳಬೇಕು. ಸೇನೆಯ ದೊಡ್ಡವರು ಒಪ್ಪಲಿಲ್ಲ. ಆಮೇಲೆ ಫ್ರಾನ್ಸಿನ ಮಿನಿಯೆ ಎಂಬ ಅಧಿಕಾರಿ 1849ರಲ್ಲಿ ಇದೇ ಜಾತಿಯ ಗುಂಡು ಮಾಡಿದಾಗ ಅದೇ ಬ್ರಿಟಿಷ್ ಸರ್ಕಾರ ಅವನಿಗೆ 20,000 ಪೌಂಡು ಎಣಿಸಿತು.

ಊದುಗೊಳವೆಯವನಿಗೆ ಏನು ಕೊಟ್ಟರು ಎಂದು ಕೇಳುವ ಹಾಗೇ ಇಲ್ಲ. ಆ ಬಾಣ ನೋಡಿದ್ದು ನಮ್ಮ ಸೂಳೆಕೆರೆಯ ದಂಡೆಯಲ್ಲೇ ಎಂದು ಒಂದು ಸಾಲು ಸೇರಿಸಿಬಿಡುವ ಆಸೆ ನನಗೆ ಬಹಳ ಆಯಿತು, ಕಷ್ಟಪಟ್ಟು ತಡೆದುಕೊಂಡಿದ್ದೇನೆ.

ಹುಡುಗನ ಎನ್‌ಫೀಲ್ಡಿಗೆ ಬೇಕಾದದ್ದು ಈ ವಂಶದ ಗುಂಡು. ತೂಕ ಹೆಚ್ಚುಕಡಿಮೆ ಮೂರು ತೊಲ. ನಳಿಗೆಯ ಉದ್ದ 39 ಅಂಗುಲ, ಒಳಗೆ ಮೂರು ಗೀರು. ಆ ಗೀರು ಒಂದು ಪೂರ್ತಿ ಸುತ್ತು ಬರಲು 78 ಅಂಗುಲ ಬೇಕು. ಅಂದರೆ ಗುಂಡು ಮೂತಿ ದಾಟುವಷ್ಟರಲ್ಲಿ ಅರ್ಧ ಸುತ್ತು ಹಾಕಿರುತ್ತದೆ, ಅಷ್ಟೇ. ಆ ಅರ್ಧ ಸುತ್ತು ಲೋಕದಲ್ಲಿ ಮಾಡಿದ ಅನಾಹುತ ಸಣ್ಣದಲ್ಲ. ಇದೇ ಎನ್‌ಫೀಲ್ಡಿನ ತೋಟಾಕ್ಕೆ ಬಳಿದ ಕೊಬ್ಬು ಯಾವ ಪ್ರಾಣಿಯದು ಎಂಬಲ್ಲಿಂದ 1857ರ ಸಿಪಾಯಿಗಳ ಸಿಟ್ಟು ಹೊತ್ತಿಕೊಂಡದ್ದು ಎಲ್ಲರಿಗೂ ಗೊತ್ತು. ಆಮೇಲೆ ಸರ್ಕಾರ ಮಾಡಿದ್ದು ಅಷ್ಟಾಗಿ ಗೊತ್ತಿಲ್ಲ: ಭಾರತೀಯ ಸಿಪಾಯಿಗಳಿಗೆಂದು ಗೀರಿಲ್ಲದ ನುಣುಪು ನಳಿಗೆಯ ಕೋವಿಗಳನ್ನು ಬೇರೆಯಾಗಿ ಮಾಡಿಸಿ ಕೊಟ್ಟರು. ನೋಡಲು ಎನ್‌ಫೀಲ್ಡೇ, ಗುರಿ ಮಾತ್ರ ಹತ್ತಿರಕ್ಕಷ್ಟೇ. ನಂಬಿಕೆಯನ್ನು ಅವರು ನಳಿಗೆಯ ಒಳಗೆ ಅಳೆದಿದ್ದರು. ಆ 1857ರ ನವೆಂಬರಿನಲ್ಲೇ ಮುಧೋಳ ಸೀಮೆಯ ಹಲಗಲಿ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ನಿಂತು, ಊರನ್ನೇ ಸುಡಿಸಿಕೊಂಡು, ಹತ್ತೊಂಬತ್ತು ಜನ ಗಲ್ಲಿಗೇರಿದರು. ಕೊಡಗಿನವರ ನಸೀಬು ಬೇರೆ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಲು ಅವರಿಗೆ 1861ರಿಂದ ಇರುವ ವಿನಾಯಿತಿ ಇವತ್ತಿಗೂ ನಡೆಯುತ್ತಿದೆ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಮೂತಿಗೆ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಳಿಗೆಯೊಳಗೆ ಇಳಿಸಬಹುದಾದದ್ದರಲ್ಲಿ ನನಗೆ ತುಂಬ ಒಪ್ಪಿತವಾದದ್ದು ಅದೊಂದೇ.

ಅಚ್ಚಿನ ಮಾತು ಹಾಗಿರಲಿ, ಸೀಸವಾದರೂ ಎಲ್ಲಿ ಸಿಗುತ್ತದೆ ನೋಡೋಣ ಎಂದು ಹೊನ್ನಾಳಿಗೆ ಹೋದೆ. ಹೊಳೆಯ ಊರು, ಬಲೆಗೆ ಪೋಣಿಸುವ ಸೀಸದ ಮಣಿ ಮೀನುಗಾರರ ಹತ್ತಿರ ಇದ್ದೇ ಇರುತ್ತದೆ. ಆದರೆ ನನ್ನ ಕಾಲು ತಿರುಗಿದ್ದು ಹಳೇ ಪ್ರಿಂಟಿಂಗ್ ಪ್ರೆಸ್ಸೊಂದರ ಕಡೆಗೆ. ಈಗ ಅಲ್ಲಿ ಫ್ಲೆಕ್ಸ್ ಮಾಡುತ್ತಾರೆ. ಹಿಂದಿನ ಕೋಣೆಯಲ್ಲಿ ಮರದ ಖಾನೆಗಳು ಧೂಳು ಹೊದ್ದು ಕೂತಿದ್ದವು. ಒಂದನ್ನು ಎಳೆದರೆ ಒಳಗೆ ಅಚ್ಚಿನ ಮೊಳೆಗಳು: ಅ, ಆ, ಒಂದು ಕಡೆ ದೀರ್ಘ, ಒಂದು ಕಡೆ ಒತ್ತಕ್ಷರ, ಮೂಲೆಯಲ್ಲಿ ಲಗ್ನಪತ್ರಿಕೆಯ ಗಣಪತಿ. ಒಂದು ಮೊಳೆ ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ಉಗುರಿನಷ್ಟೂ ಇಲ್ಲ, ಭಾರ ಮಾತ್ರ ತಿಳಿಯುತ್ತಿತ್ತು. ಅದರ ತಲೆಯ ಮೇಲೆ ತಿರುಗುಮುರುಗಾಗಿ ನಿಂತ ಳಕಾರ. ಬೆರಳಿಗೆ ಹತ್ತಿದ ಮಸಿ ಎಷ್ಟು ವರ್ಷದ್ದೋ, ಸಂಜೆ ಸೋಪಿಗೂ ಹೋಗಲಿಲ್ಲ.

"ಕೇಜಿ ಲೆಕ್ಕದಾಗೆ ಕೊಡ್ತೀನಿ ಮೇಷ್ಟ್ರೇ, ತಗಂಡು ಹೋಗ್ರಿ," ಎಂದರು ಪ್ರೆಸ್ಸಿನ ಯಜಮಾನರು. ನನ್ನ ಮೊದಲ ಪ್ರಬಂಧ ಅಚ್ಚಾದದ್ದು ಇಂಥ ಮೊಳೆಗಳಲ್ಲಿ. ಅದನ್ನು ಕರಗಿಸಿ ಗುಂಡು ಮಾಡಿದರೆ ಓದುಗರಿಗೆ ಎರಡನೇ ಸಲ ಪೆಟ್ಟು ಕೊಟ್ಟ ಹಾಗಾಗುತ್ತಿತ್ತು. ಆ ಪಾಪದಿಂದ ನನ್ನನ್ನು ಉಳಿಸಿದ್ದು ರಸಾಯನ ಶಾಸ್ತ್ರ. ಮೊಳೆ ಬರೀ ಸೀಸವಲ್ಲ, ಆಂಟಿಮನಿ ಮತ್ತು ತವರ ಬೆರೆಸಿ ಗಡುಸು ಮಾಡಿದ ಲೋಹ. ಸಾವಿರ ಸಲ ಒತ್ತಿದರೂ ಅಕ್ಷರ ಸವೆಯಬಾರದಲ್ಲ! ಚೂಪು ಗುಂಡಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಉಗುರಲ್ಲಿ ಗೀರಿದರೆ ಗೆರೆ ಬೀಳುವಷ್ಟು ಮೆತ್ತನೆಯ ಶುದ್ಧ ಸೀಸ. ಗಡುಸಾದರೆ ಬುಡ ಅರಳುವುದಿಲ್ಲ, ಗೀರಿಗೆ ಕಚ್ಚುವುದಿಲ್ಲ. ಹಳೇ ಬ್ಯಾಟರಿ ಒಡೆದು ತೆಗೆದ ಸೀಸವೂ ಆಗದು, ಅದರ ಹೊಗೆ ವಿಷ ಬೇರೆ. ಸೀಸ ಕರಗುವುದು 327 ಡಿಗ್ರಿಯಲ್ಲಿ. ಅಪ್ಪ ಅದನ್ನು ಹಿತ್ತಿಲ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಕರಗಿಸುತ್ತಿದ್ದರು. ಮೇಲೆ ಬೂದಿ ಬಣ್ಣದ ಕೆನೆ ಕಟ್ಟುತ್ತಿತ್ತು. ಅದನ್ನು ಸರಿಸಿದರೆ ಒಳಗೆ ಕನ್ನಡಿ. ಆ ಹೊಳಪು ನೋಡಲು ಬಗ್ಗಿದ ನನಗೂ ಅಕ್ಕನಿಗೂ ಬೆನ್ನಿಗೆ ಒಂದೊಂದು ಏಟು ಬೀಳುತ್ತಿತ್ತು, ಸೀಸದ ಹೊಗೆ ಮಕ್ಕಳಿಗೆ ಆಗದು ಎಂಬ ಪಾಠ ಆ ಕಾಲದಲ್ಲಿ ಹಾಗೆಯೇ ಹೇಳುತ್ತಿದ್ದದ್ದು.

ನ್ಯಾಮತಿ ನನ್ನ ಊರು. ಹೊನ್ನಾಳಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಮೇಲೆ ನಮ್ಮ ನಡಿಗೆಯಲ್ಲಿ ಸ್ವಲ್ಪ ಗತ್ತು ಬಂದಿದೆ. ಇಲ್ಲಿಯ ಲೇತ್ ಅಂಗಡಿಯ ಹುಡುಗ ಪಂಪ್‌ಸೆಟ್ಟಿನ ಶಾಫ್ಟಿನಿಂದ ಟ್ರ್ಯಾಕ್ಟರ್ ಪಿನ್ನಿನವರೆಗೆ ಏನು ಹೇಳಿದರೂ ತಿರುವಿ ಕೊಡುತ್ತಾನೆ. ಕಾಗದದ ಮೇಲೆ ಚಿತ್ರ ಬರೆದು ಅವನ ಮುಂದಿಟ್ಟೆ. ತಲೆ ಕೆರೆದುಕೊಂಡು, "ಯಾವ ಮೋಟ್ರಿನ ಬುಷ್ಷು ಸಾರ್ ಇದು?" ಎಂದ. ಬುಷ್ಷಲ್ಲ, ಇದು ಹೀಗೀಗೆ ಎಂದು ನಾನು ತಾವರೆಯ ಬೆಂಡಿನಿಂದ ಶುರು ಮಾಡಿದೆ. ಅಲ್ಲೇ ಗಾಡಿ ರಿಪೇರಿಗೆ ಬಿಟ್ಟು ಕಾಯುತ್ತಿದ್ದ ವಕೀಲರು ಪೇಪರಿನಿಂದ ತಲೆಯೆತ್ತಿದರು.

"ಮೇಷ್ಟ್ರೇ, ಆರ್ಮ್ಸ್ ಆಕ್ಟ್ 1959, ಸೆಕ್ಷನ್ ಐದು. ಲೈಸೆನ್ಸ್ ಇಲ್ದೆ ಕೋವಿನೂ ಮಾಡಂಗಿಲ್ಲ, ಮದ್ದುಗುಂಡೂ ಮಾಡಂಗಿಲ್ಲ. ಪಿಂಚಣಿ ನೆಟ್ಟಗೆ ಬರ್ತಾ ಐತಲ್ಲ?"

ಬರ್ತಾ ಇದೆ ಎಂದೆ.

"ಮತ್ತೆ? ಮನೆಗೆ ಹೋಗಿ ಪೇಪರ್ ಓದ್ರಿ."

ಲೇತ್ ಹುಡುಗ ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೇ ಇಟ್ಟ. ಅಟ್ಟದ ಮೇಲಿದ್ದ ಅಪ್ಪನ ಅಚ್ಚಿನ ಬಗ್ಗೆಯೂ ವಕೀಲರನ್ನು ವಿಚಾರಿಸಿ, ಅವರು ಹೇಳಿದ ಹಾಗೆ ಅದನ್ನೂ ಒಪ್ಪಿಸಿ ಬಂದೆ. ತೆಗೆದುಕೊಂಡವರು ಎರಡು ಮೂರು ಸಲ ತೆರೆದು ಮುಚ್ಚಿ ನೋಡಿ, "ಅಡಿಕೆ ಕತ್ತರಿಸೋದಲ್ವಾ?" ಎಂದರು. ಅವ್ವ ಇದ್ದಿದ್ದರೆ ಅವಳಿಗೊಬ್ಬ ಸಾಕ್ಷಿ ಸಿಕ್ಕುತ್ತಿತ್ತು.

ಇಷ್ಟಾದ ಮೇಲೆ ಜಗಳೂರಿಗೆ ಹೋದದ್ದು ಗುಂಡಿನ ಸಲುವಾಗಿ ಅಲ್ಲ, ನೆಂಟರ ಮನೆಯ ಗೃಹಪ್ರವೇಶಕ್ಕೆ. ಚನ್ನಗಿರಿಯ ತೋಟದ ತಂಪಿನಿಂದ ಹೊರಟವನು ಅದೇ ಜಿಲ್ಲೆಯೊಳಗೆ ಶೇಂಗಾ, ಈರುಳ್ಳಿ, ಕುರುಚಲು ಗುಡ್ಡದ ಬಿಸಿಲಿಗೆ ಬಂದಿರುತ್ತಾನೆ. ಆ ಗುಡ್ಡಗಳಲ್ಲಿ ರಂಗಯ್ಯನದುರ್ಗದ ವನ್ಯಧಾಮವಿದೆ, ಕೊಂಡುಕುರಿಗೆಂದೇ ಮೀಸಲು. ತಲೆಯ ಮೇಲೆ ನಾಲ್ಕು ಕೋಡಿರುವ ಸಣ್ಣ ಪ್ರಾಣಿ. ಎರಡು ಮುಂದೆ ಗಿಡ್ಡ, ಎರಡು ಹಿಂದೆ ಉದ್ದ. ನಾಲ್ಕಿದ್ದೂ ಯಾರಿಗೂ ಹಾಯದ ಸ್ವಭಾವ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು ಹಿಂದೆ ಆ ಗುಡ್ಡದ ಬುಡದಲ್ಲಿ ಶೇಂಗಾ ಕಾಯುತ್ತಿದ್ದವರು. ಕೇಪಿನ ಕೋವಿ ಅವರ ಹತ್ತಿರವೂ ಇತ್ತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದರು:

"ಮದ್ದು ಹಾಕೋದು, ಬಟ್ಟೆ ಚಿಂದಿ ತುರುಕೋದು, ಗಜದಾಗೆ ಜಡಿಯೋದು. ಅಷ್ಟೇ."

"ಗುಂಡು?"

"ಗುಂಡು ಯಾಕೆ? ಸದ್ದಿಗೇ ಹಂದಿ ಓಡ್ತಾವೆ. ಕರಡಿ ಆದ್ರೆ ಸ್ವಲ್ಪ ಯೋಚ್ನೆ ಮಾಡಿ ಓಡ್ತೈತೆ. ಗುಂಡು ಹಾಕಿ, ಅದು ಹಂದಿಗೆ ಬೀಳೋದು ಬಿಟ್ಟು ಪಕ್ಕದ ಹೊಲದಾಗೆ ಮಲಗಿರೋನಿಗೆ ಬಿದ್ರೆ? ಅವ್ನು ನಮ್ ಬೀಗ ಬ್ಯಾರೆ."

ಇಷ್ಟು ದಿನ ನಾನು ಓದಿ ಗುಡ್ಡೆ ಹಾಕಿದ ಗೀರು, ಸುರುಳಿ, ಟೊಳ್ಳು ಬುಡದ ವಿದ್ಯೆಯೆಲ್ಲ ದೂರದಲ್ಲಿರುವ ಒಬ್ಬನಿಗೆ ಸರಿಯಾಗಿ ತಾಗಲಿ ಎಂಬುದಕ್ಕಾಗಿ ಹುಟ್ಟಿದ್ದು. ಇವರ ವಿದ್ಯೆ ಯಾರಿಗೂ ತಾಗದಿರಲಿ ಎಂಬುದಕ್ಕೆ. ನನ್ನ ಓಟು ಯಾವ ಕಡೆಗೆ ಎಂದು ಕೇಳಿದರೆ ಜಗಳೂರಿನ ಕಡೆಗೆ. ಕೋವಿಯನ್ನು ಠಾಣೆಗೆ ಒಪ್ಪಿಸಿಯೂ ಹಾಕಬಹುದಾದ ಓಟು ಅದು.

ಅಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಟ್ಟಿತು. ಅಳಿಯ ವಿಡಿಯೋ ಕಳಿಸಿದ್ದ. ಅಚ್ಚಿನ ಚಿಂತೆ ಬಿಡು ಮಾವ, ಇಲ್ಲೇ ಅಂಗಡಿಯಲ್ಲಿ ಅಲ್ಯೂಮಿನಿಯಮ್ಮಿನದು ಸಿಕ್ಕಿತು ಎಂದು ಬರೆದಿದ್ದ. ವಿಡಿಯೋದಲ್ಲಿ ಅವನು ಕೈಗೆ ಕವಚ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸೀಸ ಎರೆಯುತ್ತಾನೆ. ಬೂದುಬಣ್ಣದ ಚೂಪು ಗುಂಡುಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ನಿಲ್ಲಿಸುತ್ತಾನೆ. ಆಮೇಲೆ ಬಯಲು, ಢಂ, ಬಿಳೀ ಹೊಗೆಯ ದೊಡ್ಡ ಮೋಡ. ಕೊನೆಗೆ ತೂತುಬಿದ್ದ ಕಾಗದ ಹಿಡಿದುಕೊಂಡು ಹಲ್ಲು ಬಿಡುತ್ತಾನೆ. ಹಿರಿಯರಿಗೂ ತೋರಿಸಿದೆ. ಎಡಗೈಯಲ್ಲಿ ಫೋನು ಹಿಡಿದು, ಕಣ್ಣು ಕಿರಿದು ಮಾಡಿ, ಮೊದಲಿಂದ ಕೊನೆಯವರೆಗೆ ನೋಡಿದರು. ಹೊಗೆ ಬಂದ ಕಡೆ ತಲೆದೂಗಿದರು.

"ಈಡು ಚೆನ್ನಾಗೈತೆ," ಎಂದರು. "ಆ ಕಾಗ್ದ ಏನು ತಿಂದಿತ್ತು ಇವ್ನ ಹೊಲದಾಗೆ?"

ಅವನಿಗೆ ಹೊಲವೇ ಇಲ್ಲ, ಕಂಪ್ಯೂಟರ್ ಕೆಲಸ ಎಂದೆ. ಮದುವೆ ಆಗಿದೆಯಾ ಎಂದರು. ಇನ್ನೂ ಇಲ್ಲ ಎಂದೆ. ಅವರು ಫೋನು ನನ್ನ ಕೈಗೆ ಕೊಟ್ಟು, ಬಡಿಸುವವನನ್ನು ಕೂಗಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, ತಮ್ಮ ತಂಗಿಯ ಮೊಮ್ಮಗಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ ವಿಷಯ ಶುರುಮಾಡಿದರು.